ನಾನೀಗ ಎಲ್ಲಿದ್ದೇನೆ?

ದಾರಿ ತಪ್ಪಿದವನಿಗೆ ತಾನು ದಾರಿ ತಪ್ಪಿದ್ದೇನೆಂಬುದು ತಿಳಿಯುವುದು ಎಲ್ಲಕ್ಕಿಂತ ಕಡೆಗೆ. ಊರೂರು ತಿರುಗಿದವರಿಗೆಲ್ಲ ಇದು ಅನುಭವದ ಮಾತು. ಕವಲಿನಲ್ಲಿ ತಪ್ಪು ಕಡೆಗೆ ಹೊರಳಿದ ಮೇಲೂ ನಾವು ನಿಶ್ಚಿಂತೆಯಿಂದ ನಡೆಯುತ್ತಲೇ ಇರುತ್ತೇವೆ. ಎದುರಿಗೆ ಕೆರೆಯೊಂದು ಕಂಡರೆ, ಇದೇ ನಮಗೆ ಹೇಳಿದ ಕೆರೆ ಎನ್ನುತ್ತೇವೆ. ಗುಡ್ಡ ಕಂಡರೆ, ಅದೇ ಗುಡ್ಡ ಎನ್ನುತ್ತೇವೆ. ಮನಸ್ಸು ತಾನು ನಂಬಿದ್ದಕ್ಕೆ ತಕ್ಕಂತೆ ಲೋಕವನ್ನು ಹೊಂದಿಸಿಕೊಳ್ಳುತ್ತ ಹೋಗುತ್ತದೆ. ನೆಲದ ಮೇಲೆ ನಡೆಯುವವನಿಗೆ ಇದರಿಂದ ಆಗುವ ನಷ್ಟ ಒಂದೆರಡು ಹರದಾರಿಯ ಕಾಲುನೋವು. ಆದರೆ ಹೊಟ್ಟೆಯಲ್ಲಿ ಬಾಂಬುಗಳನ್ನು ತುಂಬಿಕೊಂಡು ರಾತ್ರಿಯ ಆಕಾಶದಲ್ಲಿ ಹೋಗುವವನಿಗೆ ಇದೇ ಮರವೆ ಕವಿದರೆ? ಆ ಪ್ರಶ್ನೆಯ ಚರಿತ್ರೆಯನ್ನು ಸ್ವಲ್ಪ ನೋಡೋಣ ಎಂದು ನನ್ನ ಉದ್ದೇಶ.

ಈ ವಿಷಯ ನನ್ನ ತಲೆಗೆ ಹೊಕ್ಕದ್ದು ಒಂದು ಆಟದಿಂದ. ರಜೆಗೆ ಬಂದಾಗಲೆಲ್ಲ ನನ್ನ ಮೊಮ್ಮಗ ಕಂಪ್ಯೂಟರಿನ ಮುಂದೆ ಕುಳಿತು ಎರಡನೆಯ ಮಹಾಯುದ್ಧದ ಕಾಲದ ವಿಮಾನಗಳನ್ನು ಹಾರಿಸುತ್ತಾನೆ. ಯುದ್ಧವನ್ನು ಆಟ ಮಾಡುವುದು ನನಗೆ ಹಿಡಿಸದ ಸಂಗತಿ. ಅದನ್ನು ಅವನಿಗೆ ಹೇಳಿಯೂ ಇದ್ದೇನೆ. ಒಂದು ದಿನ ಅವನೇ ನನ್ನನ್ನು ಕರೆದು, "ತಾತ, ನಕ್ಷೆಯ ಮೇಲಿದ್ದ ನನ್ನ ವಿಮಾನದ ಗುರುತನ್ನು ತೆಗೆದುಹಾಕಿದ್ದೇನೆ. ಆ ಕಾಲದ ಪೈಲಟ್‌ಗಳಿಗೆ ಅಂಥ ಗುರುತು ಇರಲಿಲ್ಲವಲ್ಲ" ಎಂದ. ಈ ಬಗೆಯ ಆಟಗಳಲ್ಲಿ ಹಾಗೊಂದು ಅನುಕೂಲವಿದೆಯಂತೆ. ಸುಲಭ ಬೇಕೆಂದವರಿಗೆ ನಕ್ಷೆಯ ಮೇಲೆ ವಿಮಾನದ ಚಿಕ್ಕ ಚಿತ್ರವೊಂದು ಹರಿದಾಡುತ್ತ ಸದಾ ಅವರ ಜಾಗವನ್ನು ತೋರಿಸುತ್ತಿರುತ್ತದೆ. ಕಷ್ಟ ಬೇಕೆಂದವರು ಅದನ್ನು ಅಳಿಸಿಬಿಡಬಹುದು. ಆಮೇಲೆ ಅವರ ಪಾಲಿಗೆ ಉಳಿಯುವುದು ಬರಿಯ ನಕ್ಷೆ, ದಿಕ್ಸೂಚಿ, ಗಡಿಯಾರ ಮತ್ತು ಕೆಳಗೆ ಕಾಣುವ ನೆಲ. ಗುರುತು ಅಳಿಸಿದ ಇಪ್ಪತ್ತು ನಿಮಿಷಕ್ಕೆ ನನ್ನ ಮೊಮ್ಮಗ ದಿಕ್ಕು ತಪ್ಪಿದ. ಒಂದು ಗಂಟೆಗೆ ಎಣ್ಣೆ ಮುಗಿದು ಯಾವುದೋ ಹೊಲದಲ್ಲಿ ಇಳಿದ. ಆಮೇಲೆ ನನ್ನ ಕಡೆ ತಿರುಗಿ, "ಹಾಗಾದರೆ ಅವರೆಲ್ಲ ಹೇಗೆ ಹೋಗಿ ಬರುತ್ತಿದ್ದರು ತಾತ?" ಎಂದು ಕೇಳಿದ.

ಬಹಳ ಕಾಲ ಇತಿಹಾಸದ ಪಾಠ ಹೇಳಿದವನು ನಾನು. ಆ ಯುದ್ಧ ಏಕೆ ನಡೆಯಿತು, ಯಾರು ಗೆದ್ದರು, ಯಾವ ಒಪ್ಪಂದವಾಯಿತು ಎಂಬುದನ್ನೆಲ್ಲ ವರ್ಷವರ್ಷವೂ ಹೇಳಿದ್ದೆ. ಈ ಸರಳ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಹುಡುಕುತ್ತ ಹೋದಂತೆ, ನಾನು ಪಾಠ ಹೇಳಿದ ಯುದ್ಧದ ಎಷ್ಟೋ ಭಾಗ ಈ ಪ್ರಶ್ನೆಯಲ್ಲೇ ಅಡಗಿತ್ತೆಂದು ತಿಳಿಯಿತು.

ಅವರು ಹೋಗುತ್ತಿದ್ದುದು ಲೆಕ್ಕದ ಬಲದಿಂದ. ಹಡಗಿನವರಿಂದ ವಿಮಾನದವರಿಗೆ ಬಂದ ಈ ವಿದ್ಯೆಗೆ ಇಂಗ್ಲಿಷಿನವರು 'ಡೆಡ್ ರೆಕನಿಂಗ್' ಎನ್ನುತ್ತಾರೆ. ಹೊರಟ ಜಾಗ ಗೊತ್ತಿದೆ, ಮೂಗು ಯಾವ ದಿಕ್ಕಿಗಿದೆ ಎಂದು ದಿಕ್ಸೂಚಿ ಹೇಳುತ್ತದೆ, ವೇಗ ಗೊತ್ತಿದೆ, ಎಷ್ಟು ಹೊತ್ತಾಯಿತೆಂದು ಗಡಿಯಾರ ಹೇಳುತ್ತದೆ. ಇಷ್ಟಿದ್ದರೆ ನಕ್ಷೆಯ ಮೇಲೆ ಒಂದು ಗೆರೆ ಎಳೆದು, ನಾವಿರುವುದು ಇಲ್ಲಿ ಎಂದು ಚುಕ್ಕೆ ಇಡಬಹುದು. ಕೇಳುವುದಕ್ಕೆ ಬಹಳ ಸುಲಭ. ಆದರೆ ವಿಮಾನ ಹೋಗುವುದು ನೆಲದ ಮೇಲಲ್ಲ, ಗಾಳಿಯಲ್ಲಿ. ಆ ಗಾಳಿಯೂ ತನ್ನಷ್ಟಕ್ಕೆ ತಾನು ಎಲ್ಲಿಗೋ ಹೋಗುತ್ತಿರುತ್ತದೆ. ತುಂಬಿದ ಹೊಳೆಯನ್ನು ಅಡ್ಡಲಾಗಿ ದಾಟುವ ಅಂಬಿಗನನ್ನು ನೆನೆಯಿರಿ. ಹರಿಗೋಲಿನ ಮುಖ ಎದುರು ದಡದ ದೇವಸ್ಥಾನಕ್ಕಿದ್ದರೂ ಅದು ಸೇರುವುದು ಎಷ್ಟೋ ದೂರ ಕೆಳಗಿನ ಮಾವಿನ ತೋಪನ್ನು. ಗಂಟೆಗೆ 180 ಮೈಲಿ ಹೋಗುವ ವಿಮಾನಕ್ಕೆ 30 ಮೈಲಿಯ ಅಡ್ಡಗಾಳಿ ಬಡಿದರೆ, ಒಂದು ಗಂಟೆಯ ಹಾರಾಟದಲ್ಲಿ ಅದು ಗುರಿಯಿಂದ 30 ಮೈಲಿ ಪಕ್ಕಕ್ಕೆ ಸರಿದಿರುತ್ತದೆ. ಒಳಗೆ ಕುಳಿತವನಿಗೆ ಅದರ ಸುಳಿವೂ ಇರುವುದಿಲ್ಲ. ದಿಕ್ಸೂಚಿಯ ಮುಳ್ಳು ಅಲುಗದೆ ನಿಂತೇ ಇರುತ್ತದೆ.

ಗಾಳಿ ಹಾಗಿರಲಿ, ದಿಕ್ಕಿನಲ್ಲಿ ಒಂದೇ ಒಂದು ಡಿಗ್ರಿ ತಪ್ಪಿದರೂ 60 ಮೈಲಿಗೆ ಒಂದು ಮೈಲಿ ಪಕ್ಕಕ್ಕೆ ಹೋಗುತ್ತೇವೆ ಎಂಬುದು ವೈಮಾನಿಕರ ಬಾಯಿಲೆಕ್ಕ. ಇಂಗ್ಲೆಂಡಿನ ಪೂರ್ವ ಭಾಗದಿಂದ ಜರ್ಮನಿಯ ರೂರ್ ಕಣಿವೆಯ ಕಾರ್ಖಾನೆಗಳಿಗೆ 300 ಮೈಲಿಗೂ ಹೆಚ್ಚು ದೂರ. ಅಂದರೆ ಒಂದು ಡಿಗ್ರಿಗೆ 5 ಮೈಲಿ. ಯುದ್ಧದ ಮೊದಲ ವರ್ಷಗಳಲ್ಲಿ ಈ ಲೆಕ್ಕ ಹಾಕುತ್ತಿದ್ದವನು ನಡುಗುವ ವಿಮಾನದೊಳಗೆ, ಕೊರೆಯುವ ಚಳಿಯಲ್ಲಿ, ಚಿಕ್ಕದೊಂದು ಮೇಜಿನ ಮೇಲೆ ನಕ್ಷೆ ಹರಡಿ ಮಂದ ದೀಪದಲ್ಲಿ ಗೆರೆ ಎಳೆಯುತ್ತಿದ್ದ ಹುಡುಗ. ಗುರಿ ಹತ್ತಿರವಾದಾಗ ಬಾಂಬು ಬೀಳಿಸುವ ಕೆಲಸವೂ ಅವನದೇ. ಆ ಎರಡು ಕೆಲಸಗಳನ್ನು ಇಬ್ಬರಿಗೆ ಹಂಚಿದ್ದು 1942ರಲ್ಲಿ. ಕೆಳಗೆ ಊರುಗಳು ದೀಪ ಆರಿಸಿ ಕತ್ತಲಲ್ಲಿ ಅಡಗಿದ್ದವು. ಮೋಡವಿಲ್ಲದಿದ್ದರೆ ನಕ್ಷತ್ರವನ್ನು ಅಳೆದು ಜಾಗ ಕಂಡುಹಿಡಿಯಬಹುದಿತ್ತು. ಆದರೆ ಯುರೋಪಿನ ಆಕಾಶದಲ್ಲಿ ಮೋಡವಿಲ್ಲದ ರಾತ್ರಿಗಳು ಎಷ್ಟಿದ್ದಾವು?

ಹಗಲೂ ಕೂಡ ಕ್ಷೇಮವಲ್ಲವೆಂಬುದು ಯುದ್ಧದ ಆರಂಭದಲ್ಲೇ ಸಿದ್ಧವಾಗಿತ್ತು. 1940ರ ಮೇ 10ರಂದು ಜರ್ಮನಿಯ ಮೂರು ಹೈಂಕೆಲ್ ವಿಮಾನಗಳು ಫ್ರಾನ್ಸಿನ ದಿಜಾನ್ ವಿಮಾನ ನಿಲ್ದಾಣವನ್ನು ಹೊಡೆಯಲು ಹೋಗಿ, ಮೋಡಗಳಲ್ಲಿ ಜೊತೆಯವರನ್ನು ಕಳೆದುಕೊಂಡವು. ಮೋಡದ ಕೆಳಗೆ ಒಂದು ಊರು ಕಂಡಿತು. ಅದೇ ಶತ್ರುವಿನ ಊರೆಂದು ಬಾಂಬು ಸುರಿದು ಹಿಂದಿರುಗಿದವು. ಆ ಊರು ಜರ್ಮನಿಯದೇ ಆದ ಫ್ರೈಬುರ್ಗ್. ಮಕ್ಕಳೂ ಸೇರಿ 57 ಮಂದಿ ಸತ್ತರು. ನಾಜಿ ಸರ್ಕಾರ ಅದನ್ನು ಶತ್ರುಗಳ ಕೃತ್ಯವೆಂದು ಡಂಗುರ ಸಾರಿ, ಸೇಡಿನ ಮಾತನಾಡಿತು. ಸತ್ಯ ಎಲ್ಲರಿಗೂ ಸ್ಪಷ್ಟವಾಗಿ ತಿಳಿದದ್ದು ಯುದ್ಧ ಮುಗಿದ ಮೇಲೆ. ನಕ್ಷೆಯ ಮೇಲಿನ ತಪ್ಪನ್ನು ಸುಳ್ಳು ಬಂದು ಮುಚ್ಚಿತು. ಆ ಸುಳ್ಳು ಮುಂದಿನ ಕ್ರೌರ್ಯಕ್ಕೆ ನೆಪವಾಯಿತು.

ಬ್ರಿಟಿಷರ ಕಥೆ ಬೇರೆ ಬಗೆಯದು. ಅಲ್ಲಿ ಸುಳ್ಳು ಹೇಳಿದವರು ಯಾರೂ ಇಲ್ಲ. ರಾತ್ರಿ ಹೋಗಿ ಬಂದ ಹುಡುಗರು, ಗುರಿಯನ್ನು ಕಂಡೆವು, ಹೊಡೆದೆವು, ಬೆಂಕಿ ಎದ್ದುದನ್ನು ನೋಡಿದೆವು ಎಂದು ವರದಿ ಮಾಡುತ್ತಿದ್ದರು. ಅವರು ಹಾಗೆಂದು ಪ್ರಾಮಾಣಿಕವಾಗಿ ನಂಬಿದ್ದರು. 1941ರಲ್ಲಿ ಪ್ರಧಾನಿಯ ವಿಜ್ಞಾನ ಸಲಹೆಗಾರರಾಗಿದ್ದ ಲಾರ್ಡ್ ಚೆರ್ವೆಲ್ ಅವರಿಗೆ ಅನುಮಾನ ಬಂತು. ಅವರ ಸೂಚನೆಯಂತೆ ಬಟ್ ಎಂಬ ಯುವ ಅಧಿಕಾರಿ, ಆ ವರ್ಷದ ಜೂನ್ ಜುಲೈ ತಿಂಗಳ 100 ದಾಳಿಗಳಲ್ಲಿ ವಿಮಾನಗಳೇ ತೆಗೆದ 600ಕ್ಕೂ ಹೆಚ್ಚು ಛಾಯಾಚಿತ್ರಗಳನ್ನು ಮುಂದಿಟ್ಟುಕೊಂಡು ಕುಳಿತ. ಆಗಸ್ಟಿನಲ್ಲಿ ಅವನು ಕೊಟ್ಟ ವರದಿ ಮೇಲಿನವರನ್ನು ತಲ್ಲಣಗೊಳಿಸಿತು. ಗುರಿಯನ್ನು ಹೊಡೆದೆವು ಎಂದವರ ಪೈಕಿ, ಗುರಿಯಿಂದ 5 ಮೈಲಿಯೊಳಗೆ ಹೋಗಿದ್ದವರು ಮೂರರಲ್ಲಿ ಒಬ್ಬರು. ಹೊಗೆ ಮಂಜು ತುಂಬಿದ ರೂರ್ ಕಣಿವೆಯಲ್ಲಿ ಹತ್ತರಲ್ಲಿ ಒಬ್ಬರು. ಹುಣ್ಣಿಮೆಯಲ್ಲಿ ಐದರಲ್ಲಿ ಇಬ್ಬರು. ಅಮಾವಾಸ್ಯೆಯಲ್ಲಿ ಹದಿನೈದರಲ್ಲಿ ಒಬ್ಬರು. ಗುರಿಗೆ ಹೋಗಲಿಲ್ಲವೆಂದು ತಾವೇ ಒಪ್ಪಿಕೊಂಡವರನ್ನು ಈ ಲೆಕ್ಕದಲ್ಲಿ ಹಿಡಿದಿರಲಿಲ್ಲ.

ಉಳಿದ ಬಾಂಬುಗಳು ಎಲ್ಲಿ ಬಿದ್ದವು? ಹೊಲಗಳಲ್ಲಿ, ಕಾಡುಗಳಲ್ಲಿ, ಹೆಸರು ತಿಳಿಯದ ಹಳ್ಳಿಗಳಲ್ಲಿ. ಆ ಖಾಲಿ ಹೊಲಗಳನ್ನು ತಲುಪಲು ಎಷ್ಟೋ ಹುಡುಗರು ಪ್ರಾಣ ತೆತ್ತಿದ್ದರು.

ವರದಿಯನ್ನು ಕೆಲವು ಹಿರಿಯ ಸೇನಾನಿಗಳು ನಂಬಲಿಲ್ಲ. ನಂಬಿದವರ ಮುಂದೆ ಎರಡು ದಾರಿಗಳಿದ್ದವು. ಒಂದು, ದಾರಿ ಹುಡುಕುವ ವಿದ್ಯೆಯನ್ನು ಸುಧಾರಿಸುವುದು. ಅದೂ ನಡೆಯಿತು. 1942ರ ಮಾರ್ಚಿನಲ್ಲಿ 'ಜೀ' ಎಂಬ ರೇಡಿಯೋ ಸಾಧನ ಬಳಕೆಗೆ ಬಂತು. ಅದೇ ಆಗಸ್ಟಿನಲ್ಲಿ ದಾರಿ ತೋರುವವರದೇ ಒಂದು ಪ್ರತ್ಯೇಕ ಪಡೆ ಹುಟ್ಟಿತು. 1943ರ ಜನವರಿಯಲ್ಲಿ ಮೋಡದ ಮೂಲಕವೂ ನೆಲದ ಆಕಾರವನ್ನು ತೋರಿಸುವ ರೇಡಾರ್ ಬಂತು. ಎರಡನೆಯ ದಾರಿ, ಮುಟ್ಟಬಲ್ಲಷ್ಟು ದೊಡ್ಡ ಗುರಿಯನ್ನು ಆರಿಸಿಕೊಳ್ಳುವುದು. ಕಾರ್ಖಾನೆ ಸಿಕ್ಕುವುದಿಲ್ಲವೇ? ಊರಾದರೂ ಸಿಕ್ಕೀತು. 1942ರ ಫೆಬ್ರವರಿ 14ರ ಆದೇಶ, ಶತ್ರುದೇಶದ ನಾಗರಿಕರ, ಅದರಲ್ಲೂ ಕಾರ್ಖಾನೆಗಳ ಕೆಲಸಗಾರರ ಮನೋಧೈರ್ಯವನ್ನೇ ಗುರಿಯೆಂದು ಘೋಷಿಸಿತು. ಮುಂದಿನ ತಿಂಗಳೇ ಲ್ಯೂಬೆಕ್ ಎಂಬ ಹಳೆಯ ಊರು ಉರಿಯಿತು. ಅದು ಸಮುದ್ರಕ್ಕೆ ಹತ್ತಿರ, ನೀರಿನ ಗುರುತಿನಿಂದ ರಾತ್ರಿಯಲ್ಲೂ ಹುಡುಕುವುದು ಸುಲಭ. ಮರದ ಮನೆಗಳು, ಸುಡುವುದೂ ಸುಲಭ. ಆ ನೀತಿಗೆ ಬೇರೆ ಕಾರಣಗಳೂ ಇದ್ದವು, ನಿಜ. ಆದರೆ ನಕ್ಷೆಯ ಮೇಲೆ ತಪ್ಪಾಗಿ ಬಿದ್ದ ಚುಕ್ಕೆ ಅದರಲ್ಲಿ ಒಂದು ಕಾರಣವಾಗಿತ್ತೆಂಬುದನ್ನು ನಾನು ಯಾವ ತರಗತಿಯಲ್ಲೂ ಹೇಳಿರಲಿಲ್ಲ. ನಾವು ಎಲ್ಲಿದ್ದೇವೆಂದು ನಮಗೆ ಖಚಿತವಾಗಿ ತಿಳಿಯದು ಎಂಬ ಅರಿವು ಮನುಷ್ಯನನ್ನು ವಿನಯವಂತನನ್ನಾಗಿ ಮಾಡಬಹುದು. ಇಲ್ಲಿ ಅದು, ಎಲ್ಲಿ ಬಿದ್ದರೂ ಸರಿ ಎಂಬ ತೀರ್ಮಾನಕ್ಕೆ ಹಾದಿಯಾಯಿತು.

ಈಗ ಆಟದ ಕಡೆಗೆ ಸ್ವಲ್ಪ ಹೊರಳೋಣ. ನೆಲದ ಮೇಲೆಯೇ ಕುಳಿತು ಹಾರುವ ಈ ವಿದ್ಯೆ ಹುಟ್ಟಿದ್ದು ಸಂಗೀತದ ಮನೆಯಲ್ಲಿ ಎಂದರೆ ನಿಮಗೆ ಆಶ್ಚರ್ಯವಾದೀತು. ಅಮೆರಿಕದ ಬಿಂಗ್‌ಹ್ಯಾಮ್ಟನ್ ಎಂಬ ಊರಿನಲ್ಲಿ ಎಡ್ವಿನ್ ಲಿಂಕ್ ಎಂಬಾತನ ತಂದೆಯದು ಪಿಯಾನೊ ಮತ್ತು ಆರ್ಗನ್ ತಯಾರಿಸುವ ಕಾರ್ಖಾನೆ. ಹಾರುವ ಹುಚ್ಚು ಹಿಡಿದಿದ್ದ ಮಗ, ಆರ್ಗನ್ನಿನ ತಿದಿಗಳನ್ನೂ ಗಾಳಿಯ ಕೊಳವೆಗಳನ್ನೂ ಜೋಡಿಸಿ, 1929ರ ಹೊತ್ತಿಗೆ ನಿಂತಲ್ಲೇ ವಾಲುವ, ತಿರುಗುವ, ಏಳುವ ಪುಟ್ಟ ವಿಮಾನವೊಂದನ್ನು ಮಾಡಿದ. ಅದನ್ನು ಮೊದಮೊದಲು ಕೊಂಡವರು ಜಾತ್ರೆಯಂಥ ವಿನೋದದ ತೋಟಗಳವರು. ಕಾಸು ಹಾಕಿದ ಮಕ್ಕಳಿಗೆ ಅದು ಆಟದ ಸಾಮಾನು. 1934ರಲ್ಲಿ ಅಮೆರಿಕದ ಸೈನ್ಯದ ವಿಮಾನದಳ ಅಂಚೆ ಸಾಗಿಸುವ ಕೆಲಸ ವಹಿಸಿಕೊಂಡು, ಕೆಟ್ಟ ಹವೆಯಲ್ಲಿ ಕಣ್ಣು ಕಾಣದೆ ಹಾರುವ ಅಭ್ಯಾಸವಿಲ್ಲದ ಪೈಲಟ್‌ಗಳು ಒಬ್ಬರ ಹಿಂದೊಬ್ಬರು ಸತ್ತರು. ಆಗ ಸೈನ್ಯ ಆ ಆಟದ ಸಾಮಾನಿನ ಕಡೆ ತಿರುಗಿ ನೋಡಿತು. ಮೊದಲು ಆರನ್ನು ಕೊಂಡಿತು. ಯುದ್ಧ ಮುಗಿಯುವ ಹೊತ್ತಿಗೆ ಸಾವಿರಾರು ಲಿಂಕ್ ಯಂತ್ರಗಳು ಹಲವು ದೇಶಗಳಲ್ಲಿ ಲಕ್ಷಾಂತರ ಹುಡುಗರಿಗೆ ಪಾಠ ಹೇಳಿದ್ದವು.

ಆ ಯಂತ್ರದಲ್ಲಿ ನನ್ನ ಮನಸ್ಸನ್ನು ಸೆಳೆದ ಭಾಗ ಒಂದೇ. ಶಿಷ್ಯ ಮುಚ್ಚಿದ ಪೆಟ್ಟಿಗೆಯೊಳಗೆ ಮುಳ್ಳುಗಳನ್ನಷ್ಟೇ ನೋಡುತ್ತ ಹಾರುತ್ತಾನೆ. ಹೊರಗೆ ಮೇಷ್ಟರ ಮೇಜಿನ ಮೇಲೆ ನಕ್ಷೆ ಹಾಸಿದೆ. ಅದರ ಮೇಲೆ ಮೂರು ಗಾಲಿಗಳ ಚಿಕ್ಕ ಸಾಧನವೊಂದು ಮೆಲ್ಲಗೆ ತೆವಳುತ್ತ, ಶಿಷ್ಯ ಹೋದ ದಾರಿಯನ್ನು ಮಸಿಯಲ್ಲಿ ಬರೆಯುತ್ತ ಹೋಗುತ್ತದೆ. ಅದನ್ನು ಅವರು 'ಏಡಿ' ಎಂದು ಕರೆಯುತ್ತಿದ್ದರು. ಪಾಠ ಮುಗಿದು ಪೆಟ್ಟಿಗೆಯಿಂದ ಹೊರಬಂದ ಹುಡುಗನ ಮುಂದೆ ಎರಡು ಗೆರೆಗಳಿರುತ್ತಿದ್ದವು: ತಾನು ಹೋಗಬೇಕೆಂದಿದ್ದ ಗೆರೆ, ತಾನು ನಿಜವಾಗಿ ಹೋದ ಗೆರೆ. ನಿಜವಾದ ಆಕಾಶದಲ್ಲಿ ಎರಡನೆಯ ಗೆರೆಯನ್ನು ಯಾರೂ ಬರೆದು ತೋರಿಸುವುದಿಲ್ಲ. ನಕ್ಷೆಯ ಮೇಲೆ ತನ್ನ ತಪ್ಪನ್ನು ಕಣ್ಣಾರೆ ಕಾಣುವ ಭಾಗ್ಯ ಆ ಪೆಟ್ಟಿಗೆಯಲ್ಲಿ ಮಾತ್ರ. ಯುದ್ಧಕಾಲದಲ್ಲಿ ಇದನ್ನೇ ಹಿಗ್ಗಿಸಿ, ಸುಮಾರು 45 ಅಡಿ ಎತ್ತರದ ಕಣಜದಂಥ ಕಟ್ಟಡದೊಳಗೆ ನಕ್ಷತ್ರಗಳ ಗುಮ್ಮಟವನ್ನೇ ತಿರುಗಿಸಿ, ನಕ್ಷತ್ರ ನೋಡಿ ದಾರಿ ಹಿಡಿಯುವುದನ್ನೂ ಕಲಿಸಿದರು.

ಹೀಗೆ ಆಟವಾಗಿ ಹುಟ್ಟಿದ್ದು ಪಾಠವಾಯಿತು. ಕಂಪ್ಯೂಟರ್ ಮನೆಗಳಿಗೆ ಬಂದ ಮೇಲೆ ಆ ಪಾಠ ಮತ್ತೆ ಆಟವಾಯಿತು. 1982ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಹೊರತಂದ ವಿಮಾನದ ಆಟದಲ್ಲಿ ನೆಲವೆಂದರೆ ನಾಲ್ಕಾರು ಗೆರೆಗಳು. 2001ರಲ್ಲಿ ರಷ್ಯದವರು ಹೊರತಂದ 'ಐಎಲ್-2 ಸ್ಟರ್ಮೊವಿಕ್' ಆಟದ ಹೊತ್ತಿಗೆ ಹೊಳೆ, ರೈಲುದಾರಿ, ಕಾಡಿನ ಅಂಚು, ಊರಿನ ಮಾಡು ಎಲ್ಲವೂ ಕಾಣತೊಡಗಿದವು. ಗುರುತು ಅಳಿಸಿದ ನಕ್ಷೆಯೊಡನೆ ಹೋಗುವುದಕ್ಕೆ ಅರ್ಥ ಬಂದದ್ದು ಆಗ.

ಹಾಗೆ ಹೋಗುವವರಿಗೆ ಹಳೆಯ ವೈಮಾನಿಕರ ನಿಯಮವೊಂದು ಈಗಲೂ ದಾರಿದೀಪ: ಮೊದಲು ಗಡಿಯಾರ ನೋಡು, ಆಮೇಲೆ ನಕ್ಷೆ ನೋಡು, ಕಡೆಗೆ ನೆಲ ನೋಡು. ಈ ಕ್ರಮ ತಲೆಕೆಳಗಾಗಬಾರದು. ಇಷ್ಟು ಹೊತ್ತಾಗಿದೆ, ಆದ್ದರಿಂದ ನಕ್ಷೆಯಲ್ಲಿ ಇಲ್ಲಿರಬೇಕು, ಆದ್ದರಿಂದ ನೆಲದ ಮೇಲೆ ಹೊಳೆಯ ತಿರುವೂ ಅದರ ಪಕ್ಕದಲ್ಲಿ ಸೇತುವೆಯೂ ಕಾಣಬೇಕು. ಕಾಣದಿದ್ದರೆ ಎಲ್ಲೋ ತಪ್ಪಿದೆ. ಮೊದಲು ನೆಲವನ್ನು ನೋಡಿ, ಅದಕ್ಕೊಪ್ಪುವ ಹೊಳೆಯನ್ನು ನಕ್ಷೆಯಲ್ಲಿ ಹುಡುಕಹೊರಟರೆ ಒಂದಲ್ಲ ಒಂದು ಹೊಳೆ ಸಿಕ್ಕಿಯೇ ಸಿಕ್ಕುತ್ತದೆ. 1944ರ ಏಪ್ರಿಲ್ 1ರಂದು ಜರ್ಮನಿಯ ಲುಡ್ವಿಗ್ಸ್‌ಹಾಫೆನ್‌ಗೆ ಹೊರಟ ಅಮೆರಿಕದ ವಿಮಾನಗಳಲ್ಲಿ ಕೆಲವು ಮೋಡ ಗಾಳಿಗಳಿಗೆ ಸಿಕ್ಕಿ ದೂರ ಸರಿದು, ತಟಸ್ಥ ದೇಶವಾದ ಸ್ವಿಟ್ಜರ್ಲೆಂಡಿನ ಶಾಫ್‌ಹೌಸೆನ್ ಮೇಲೆ ಬಾಂಬು ಹಾಕಿದವು. ಎರಡೂ ರೈನ್ ನದಿಯ ದಡದ ಊರುಗಳೇ. ಯುದ್ಧದಲ್ಲಿಲ್ಲದ ಊರಿನ 40 ಜನ ಸತ್ತರು. ಅಮೆರಿಕ ತಪ್ಪನ್ನು ಒಪ್ಪಿಕೊಂಡು ಪರಿಹಾರ ಕೊಟ್ಟಿತು.

ಲೆಕ್ಕವನ್ನೇ ನಂಬದೆ ಕೆಟ್ಟ ಉದಾಹರಣೆಯೂ ಅದೇ ವರ್ಷದ್ದು. ಮಾರ್ಚ್ 24ರ ರಾತ್ರಿ ಬ್ರಿಟಿಷರ 811 ವಿಮಾನಗಳು ಬರ್ಲಿನ್ನಿಗೆ ಹೊರಟವು. ಗಾಳಿಯನ್ನು ಅಳೆದು ತಿಳಿಸಲು ಆಯ್ದ ಕೆಲವು ನ್ಯಾವಿಗೇಟರ್‌ಗಳಿದ್ದರು. ಆ ರಾತ್ರಿ ಅವರ ಲೆಕ್ಕಕ್ಕೆ ಗಂಟೆಗೆ 100 ಮೈಲಿಗೂ ಮೀರಿದ ಗಾಳಿ ಬಂತು. ಅಂಥ ಗಾಳಿಯನ್ನು ಅವರು ಕಂಡವರಲ್ಲ. ಎಲ್ಲೋ ತಪ್ಪಾಗಿದೆಯೆಂದು ಅನೇಕರು ತಮ್ಮ ಅಂಕಿಯನ್ನು ತಾವೇ ತಗ್ಗಿಸಿ ಕಳಿಸಿದರು. ಕೇಂದ್ರದಲ್ಲಿದ್ದವರಿಗೆ ಆ ತಗ್ಗಿಸಿದ ಅಂಕಿಯೂ ಹೆಚ್ಚೆನಿಸಿತು. ಅವರು ಇನ್ನಷ್ಟು ತಗ್ಗಿಸಿ ಎಲ್ಲ ವಿಮಾನಗಳಿಗೂ ಹೇಳಿದರು. ಗಾಳಿ ಮಾತ್ರ ತಗ್ಗಲಿಲ್ಲ. ವಿಮಾನಗಳು ದಕ್ಷಿಣಕ್ಕೆ ಚೆಲ್ಲಾಪಿಲ್ಲಿಯಾಗಿ, ತಪ್ಪಿಸಿಕೊಳ್ಳಬೇಕೆಂದಿದ್ದ ಫಿರಂಗಿಗಳ ಮೇಲೆಯೇ ಹಾಯ್ದುಹೋದವು. 72 ವಿಮಾನಗಳು ಹಿಂದಿರುಗಲಿಲ್ಲ. ಸರಿಯಾದ ಅಂಕಿ ಆ ಹುಡುಗರ ಕೈಯಲ್ಲೇ ಇತ್ತು. ತಮ್ಮ ಕೈಬರಹವನ್ನು ನಂಬುವ ಧೈರ್ಯ ಇರಲಿಲ್ಲ.

ಇನ್ನೊಂದು ಕಥೆ ಹೇಳದೆ ಈ ಮಾತು ಮುಗಿಯದು. 1943ರ ಏಪ್ರಿಲ್ 4ರಂದು ಅಮೆರಿಕದ 'ಲೇಡಿ ಬಿ ಗುಡ್' ಎಂಬ ವಿಮಾನ ಲಿಬಿಯಾದ ನೆಲೆಯಿಂದ ನೇಪಲ್ಸ್ ನಗರದ ಕಡೆ ಹೋಗಿ, ರಾತ್ರಿ ಒಂಟಿಯಾಗಿ ಹಿಂದಿರುಗುತ್ತಿತ್ತು. ಅದರಲ್ಲಿದ್ದ ಒಂಬತ್ತು ಮಂದಿಗೂ ಅದು ಮೊದಲ ಕಾರ್ಯಾಚರಣೆ. ರೇಡಿಯೋದಿಂದ ದಿಕ್ಕು ಕೇಳಿದರು. ಆ ಸಾಧನ ವಿಮಾನವಿರುವ ಸಾಲನ್ನು ಹೇಳುತ್ತಿತ್ತೇ ಹೊರತು, ಆ ಸಾಲಿನಲ್ಲಿ ವಿಮಾನ ಮುಂದಿದೆಯೋ ಹಿಂದಿದೆಯೋ ಎಂದು ಹೇಳಲಾರದಾಗಿತ್ತು. ಇನ್ನೂ ಸಮುದ್ರದ ಮೇಲಿದ್ದೇವೆಂದೇ ಅವರು ನಂಬಿದ್ದಿರಬೇಕು. ನೆಲೆಯನ್ನು ದಾಟಿ, ಮರುಭೂಮಿಯ ಮೇಲೆ 400 ಮೈಲಿಗೂ ಹೆಚ್ಚು ದೂರ ಹೋಗಿ, ಎಣ್ಣೆ ಮುಗಿಯುತ್ತ ಬಂದಾಗ ಕೊಡೆ ಬಿಚ್ಚಿ ಹಾರಿದರು. ಕಾಲಿಗೆ ಸಿಕ್ಕಿದ್ದು ಮರಳು. ಒಬ್ಬನ ಕೊಡೆ ಸರಿಯಾಗಿ ಬಿಚ್ಚಿಕೊಳ್ಳದೆ ಅವನು ಅಲ್ಲೇ ಸತ್ತ. ಉಳಿದವರು, ಸಮುದ್ರ ಹತ್ತಿರದಲ್ಲೇ ಇದೆಯೆಂದು ವಾಯವ್ಯಕ್ಕೆ ನಡೆದರು. ಗುಟುಕು ನೀರಿನಲ್ಲಿ ಎಂಟು ದಿನ. ವಿಮಾನದ ಅವಶೇಷ ಕಣ್ಣಿಗೆ ಬಿದ್ದದ್ದು 1958ರಲ್ಲಿ, ಎಣ್ಣೆ ಹುಡುಕುವವರಿಗೆ. ಎಂಟು ಜನರ ಅಸ್ಥಿಗಳೂ, ಸಹಪೈಲಟ್ ಬರೆದಿಟ್ಟ ದಿನಚರಿಯೂ ಸಿಕ್ಕಿದ್ದು 1960ರಲ್ಲಿ. ನಕ್ಷೆಯ ಮೇಲೆ ಅವರ ಚುಕ್ಕೆಗೂ ಅವರಿಗೂ ನಡುವೆ ಇದ್ದ ದೂರವನ್ನು ಅವರು ಕಾಲಿನಿಂದ ಅಳೆಯಬೇಕಾಯಿತು.

ಇವನ್ನೆಲ್ಲ ಓದಿದ ಮೇಲೆ ಮೊಮ್ಮಗನ ಆಟದ ಬಗ್ಗೆ ನನ್ನ ಅಭಿಪ್ರಾಯ ಪೂರ್ತಿ ಬದಲಾಯಿತೆಂದು ಹೇಳಲಾರೆ. ಆಟದಲ್ಲಿ ಚಳಿಯಿಲ್ಲ, ಸಾವಿಲ್ಲ, ಕೆಳಗಿನ ಊರಿನಲ್ಲಿ ಜನರಿಲ್ಲ. ಬ್ರಿಟಿಷರ ಆ ಬಾಂಬರ್ ಪಡೆಯೊಂದರಲ್ಲೇ ಸತ್ತವರು 55,000ಕ್ಕೂ ಹೆಚ್ಚು ಮಂದಿ. ಅವರ ಕೆಳಗೆ ಸತ್ತವರು ಅದಕ್ಕಿಂತ ಎಷ್ಟೋ ಮಡಿ ಹೆಚ್ಚು. ಅದನ್ನು ಯಾವ ಪರದೆಯೂ ತೋರಿಸಲಾರದು. ಆದರೂ ನಕ್ಷೆಯ ಗುರುತನ್ನು ಅಳಿಸಿ ಹಾಕುವ ಹುಡುಗ, ಇಂದಿನ ಲೋಕ ಅವನಿಗೆ ಎಂದೂ ಕಲಿಸದ ಒಂದನ್ನು ಕಲಿಯುತ್ತಾನೆ. ಇಂದು ನಮ್ಮ ಜೇಬಿನ ಫೋನೇ ನಾವೆಲ್ಲಿದ್ದೇವೆಂದು ನೀಲಿ ಚುಕ್ಕೆಯಿಟ್ಟು ಹೇಳುತ್ತದೆ. ಆ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದೇ ಇಲ್ಲ. ಕೇಳಿಕೊಳ್ಳದಿರುವ ಅಭ್ಯಾಸ ನಕ್ಷೆಗಷ್ಟೇ ನಿಲ್ಲುತ್ತದೆಯೆಂಬ ನಂಬಿಕೆ ನನಗಿಲ್ಲ.

ಕಳೆದ ಸಲ ಅವನು ಬಂದಾಗ ನಾವಿಬ್ಬರೂ ಸೇರಿ ನಕ್ಷೆಯನ್ನು ಕಾಗದದ ಮೇಲೆ ಮುದ್ರಿಸಿಕೊಂಡೆವು. ಸ್ಕೇಲು, ಕೋನಮಾಪಕ, ಪೆನ್ಸಿಲು ಇಟ್ಟುಕೊಂಡೆವು. ಗಾಳಿಯ ಲೆಕ್ಕ ನನ್ನದು, ಹಾರುವುದು ಅವನದು. ನಲವತ್ತನೆಯ ನಿಮಿಷಕ್ಕೆ ಕಾಣಬೇಕಾಗಿದ್ದ ಸೇತುವೆ ಕಾಣಲಿಲ್ಲ. ಬೇರೆಯೊಂದು ಊರು ಕಂಡಿತು. "ಇದೇ ಇರಬೇಕು ಕಣೋ" ಎಂದವನು ನಾನು. ಅವನು ಗಡಿಯಾರ ನೋಡಿದ, ನಕ್ಷೆ ನೋಡಿದ, ಮತ್ತೆ ಕೆಳಗೆ ನೋಡಿದ. "ಇಲ್ಲ ತಾತ, ಈ ಊರಿಗೆ ರೈಲುದಾರಿ ಇಲ್ಲ. ನಾವೆಲ್ಲಿದ್ದೇವೋ ನನಗೆ ಗೊತ್ತಿಲ್ಲ" ಎಂದು, ಬಾಂಬು ಹಾಕದೆ ವಿಮಾನವನ್ನು ಹಿಂದಕ್ಕೆ ತಿರುಗಿಸಿದ.

ಆಟ ಅವನಿಗೆ ಒಂದು ಅಂಕವನ್ನೂ ಕೊಡಲಿಲ್ಲ. ನಾನು ಮೇಷ್ಟರಾಗಿದ್ದ ಕಾಲದಲ್ಲಾಗಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ.